ಟಕ್ ಟಕ್ ಪುರಾಣ

ಚಳಿಗಾಲದ ಮಡಿಕೇರಿಯಲ್ಲಿ ನನ್ನ ಹಳೇ ಕಾರು ಸ್ಟಾರ್ಟ್ ಆದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಟಕ್ ಟಕ್ ಟಕ್! ಪಕ್ಕದ ಮನೆಯವರು ಬ್ರಷ್ ಬಾಯಲ್ಲಿಟ್ಟುಕೊಂಡೇ ‘ಟ್ಯಾಪೆಟ್ಟು’ ಎಂದು ತೀರ್ಪು ಕೊಡುತ್ತಾರೆ. ಹಾಲಿನವನ ಪ್ರಕಾರ ಎಕ್ಸಾಸ್ಟ್ ಗ್ಯಾಸ್ಕೆಟ್ಟು. ಅವನ ಮಾತೂ ಪೂರ್ತಿ ಸುಳ್ಳಲ್ಲ. ಆ ಗ್ಯಾಸ್ಕೆಟ್ಟಿನ ಸಂದಿಯಲ್ಲಿ ಸೋರುವ ಹೊಗೆಯೂ ಟಕ್ಕೆನ್ನುತ್ತದೆ, ಲೋಹ ಬಿಸಿಗೆ ಹಿಗ್ಗಿದರೆ ತೆಪ್ಪಗಾಗುತ್ತದೆ. ನಾನೋ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ವಾಲ್ವ್ ಕವರಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿ, ನಾಡಿ ನೋಡುವ ಪಂಡಿತನಂತೆ ಕಣ್ಣು ಮುಚ್ಚುತ್ತೇನೆ. ರಾತ್ರಿಯೆಲ್ಲ ಕೆಳಗಿಳಿದು ಮಲಗಿದ ಆಯಿಲ್, ಚಳಿಗೆ ಮಂದವಾಗಿ, ಮೇಲೇರಲು ಮೀನಮೇಷ ಎಣಿಸುತ್ತಿರುತ್ತದೆ. ಅಲ್ಲಿಯವರೆಗೆ ವಾಲ್ವ್ ತಳ್ಳುವ ಟ್ಯಾಪೆಟ್ಟುಗಳ ಗಲಾಟೆ. ಅಸಲಿ ಫಜೀತಿ ಬೇರೆ: ಗ್ಯಾರೇಜು ಮುಟ್ಟುವಷ್ಟರಲ್ಲಿ ಎಂಜಿನ್ ಬಿಸಿಯಾಗಿ ಪರಮ ಸಾಧು! ಮೆಕ್ಯಾನಿಕ್ಕು ಕಾರು ಬಿಟ್ಟು ನನ್ನನ್ನೇ ಪರೀಕ್ಷಿಸುತ್ತಾನೆ. ನಿಮಗೂ ಇದೇ ಗತಿಯಾದರೆ, ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿ. ಆಮೇಲೆ ಕಾರನ್ನು ರಾತ್ರಿಯೇ ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ. ಬೆಳಗ್ಗೆ ಆ ಟಕ್ ಟಕ್ ಅವನೇ ಕೇಳಲಿ.