ಬೆರಕೆ ಸೊಪ್ಪಿನ ಉಪ್ಸಾರು: ಒಂದು ಆಸ್ವಾದಶಾಸ್ತ್ರೀಯ ವಿವೇಚನೆ

ಕೆಂಪು ವೈನ್ ಬೆರಕೆ ಮಾಡುವುದನ್ನು ಫ್ರೆಂಚರು ಮಹಾವಿದ್ಯೆಯೆಂದು ಬಗೆದಿದ್ದಾರೆ. ಬೋರ್ಡೋದಲ್ಲಿ ಒಗರಿನ ಕ್ಯಾಬರ್ನೆ ಸೊವಿನ್ಯೋಂಗೆ ಮೆದು ಸ್ವಭಾವದ ಮೆರ್ಲೋ ಕೂಡಿಸುತ್ತಾರೆ. ಶಾತೊನೆಫ್ ದು ಪಾಪ್ ಎಂಬಲ್ಲಂತೂ 13 ಜಾತಿಯ ದ್ರಾಕ್ಷಿ ಬೆರೆಸಲು ಸಂಪ್ರದಾಯದ ಒಪ್ಪಿಗೆಯಿದೆ. ಇಷ್ಟಕ್ಕೇ ಲೋಕ ಬೆರಗಾಗಿರುವಾಗ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಬೆರಕೆ ಸೊಪ್ಪಿನ ಉಪ್ಸಾರು ಪಂಡಿತರ ಕಣ್ಣಿಗೆ ಬೀಳದಿರುವುದು ಶಾಸ್ತ್ರಕ್ಕಾದ ನಷ್ಟವೆಂದೇ ಪ್ರಸ್ತುತ ಪ್ರಬಂಧಕಾರನ ಮತ.

ಮೊದಲಿಗೆ ಘಟಕ ವಿಚಾರ. ಅಣ್ಣೆ ಸೊಪ್ಪು ಮೈಕಟ್ಟು ಕೊಡುತ್ತದೆ. ಗಣಿಕೆಯದು ಸಣ್ಣ ಕಹಿ, ಗೋಣಿ ಸೊಪ್ಪಿನದು ಎಳೆ ಹುಳಿ. ಹೊನಗೊನ್ನೆಗೆ ಕೆಸರುಗದ್ದೆಯ ಬದುವಿನ ತಂಪು. ವೈನಿನವರು ಟ್ಯಾನಿನ್ ಎಂದು ಕೊಂಡಾಡುವ ಒಗರನ್ನು ಇಲ್ಲಿ ಹುರುಳಿಕಾಳು ಒದಗಿಸುತ್ತದೆ. ಪ್ರಮಾಣವೆಷ್ಟೆಂದು ಅಜ್ಜಿಯೊಬ್ಬರನ್ನು ಕೇಳಲಾಗಿ, "ಕೈಗೆ ಸಿಕ್ಕುದ್ದ ಕುಯ್ಕ ಬಂದೆ ಕನಪ್ಪ" ಎಂಬ ಉತ್ತರ ದೊರೆಯಿತು. ಬೋರ್ಡೋದ ತಜ್ಞರು ಇಷ್ಟು ಚಿಕ್ಕ ವಾಕ್ಯದಲ್ಲಿ ತಮ್ಮ ವಿದ್ಯೆಯನ್ನು ಹೇಳಲಾರರು.

ಆಸ್ವಾದನ ವಿಧಿ ಹೀಗೆ. ವೈನಿನವರು ಲೋಟ ತಿರುಗಿಸಿ ಮೂಸುತ್ತಾರೆ; ನಾವು ಬಿಸಿ ರಾಗಿಮುದ್ದೆಯ ನಡುವೆ ಹೆಬ್ಬೆರಳಲ್ಲಿ ಗುಳಿ ಮಾಡಿ ಬಸಿದ ಸಾರು ಬಿಡುತ್ತೇವೆ. ಬಣ್ಣ ಹಸಿರೂ ಅಲ್ಲ, ಕಂದೂ ಅಲ್ಲ. ಮೂಗಿಗೆ ಮೊದಲು ಹುರುಳಿ, ಬಳಿಕ ಮಳೆ ನಿಂತ ಹೊಲ. ತಟ್ಟೆಯಂಚಿನ ಖಾರವನ್ನು, ಅಂದರೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ ಸೇರಿಸಿ ಒರಳಲ್ಲಿ ಅರೆದದ್ದನ್ನು, ಬೆರಳ ತುದಿಯಲ್ಲಿ ತೆಗೆದು ಕಲಸಬೇಕು. ಆಗ ಕಿವಿಯ ಹಿಂದೆ ಬೆವರೊಡೆಯುತ್ತದೆ. ವೈನಿನವರ ಮಾತಿನಲ್ಲಿ ಇದನ್ನೇ 'ದೀರ್ಘ ಮುಕ್ತಾಯ' ಎನ್ನತಕ್ಕದ್ದು. ಗುಟುಕನ್ನು ಬಾಯಲ್ಲಾಡಿಸಿ ಉಗುಳುವ ವೈನಿನವರ ಪದ್ಧತಿಯನ್ನು ಹನೂರಿನ ಹಟ್ಟಿಯಲ್ಲಿ ಪ್ರಯೋಗಿಸುವ ಸಂಶೋಧಕ ಎರಡನೇ ಮುದ್ದೆಯ ಆಸೆ ಬಿಡಬೇಕು.

ನೆಲದ ಗುಣ ಮುಖ್ಯವೆಂದು ಫ್ರೆಂಚರ ವಾದ. ಆದರೆ ಯಾರ ನೆಲ? ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಅದರ ಭಾಗವಾಗಿದ್ದ ಹನೂರೂ ಜೊತೆಗೇ. ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಗಿತ್ತು. ಗಣಿಕೆ ಗಿಡ ಈ ಯಾವ ದಫ್ತರವನ್ನೂ ಲೆಕ್ಕಿಸಿದಂತಿಲ್ಲ. ಅದು ಲೆಕ್ಕಿಸುವುದು ಕಳೆನಾಶಕವೊಂದನ್ನೇ. ಒಂದು ಸಲ ಹೊಡೆದರೆ ಅಜ್ಜಿಯ ಮಡಿಲು ಖಾಲಿ.

ನೆಲ ಕಾಯುವ ವಿಚಾರಕ್ಕೆ ಬಂದರೆ, 1954ರಲ್ಲಿ ಶಾತೊನೆಫ್ ದು ಪಾಪ್‌ನ ಮೇಯರು ಹಾರುವ ತಟ್ಟೆಗಳು ಊರಿಗಿಳಿಯಕೂಡದೆಂದು ಆದೇಶ ಹೊರಡಿಸಿದರು. ಹನೂರಿನ ಹೊಲಕ್ಕಿಳಿಯುವುದು ಆನೆ. ಅದಕ್ಕೆ ಆದೇಶ ಓದಲು ಬರುವುದಿಲ್ಲ.

ಕೊನೆಗೆ, 1855ರ ಬೋರ್ಡೋ ವೈನ್ ಶ್ರೇಣೀಕರಣವನ್ನು ಅನುಸರಿಸಿ ತೀರ್ಪು: ಮಳೆ ನಂಬಿದ ರಾಗಿಹೊಲದ ಹನೂರಿಗೆ ಪ್ರಥಮ ದರ್ಜೆ. ಸುವರ್ಣಾವತಿಯ ನೀರುಂಡ ಯಳಂದೂರಿಗೆ, ಹೊನಗೊನ್ನೆಯ ಬಲದಿಂದ, ದ್ವಿತೀಯ. ಸೊಪ್ಪನ್ನು ಸಂತೆಯಲ್ಲಿ ಕಟ್ಟಿನ ಲೆಕ್ಕದಲ್ಲಿ ಕೊಳ್ಳುವ ಕೊಳ್ಳೇಗಾಲ ಪೇಟೆಗೆ ತೃತೀಯ. ಆ ಬೋರ್ಡೋ ಪಟ್ಟಿಯಲ್ಲಿ ಮೂತೋಂ ರಾಥ್‌ಶೀಲ್ಡ್ ವೈನು ಎರಡನೇ ದರ್ಜೆಯಿಂದ ಮೊದಲನೆಯದಕ್ಕೇರಿದ್ದು 1973ರಲ್ಲಿ. ಆದ್ದರಿಂದ ಕೊಳ್ಳೇಗಾಲದವರು ತಮ್ಮ ಆಕ್ಷೇಪಣೆಯನ್ನು 118 ವರ್ಷದೊಳಗೆ, ಒಂದು ತಪ್ಪಲೆ ಸಾರಿನ ಸಮೇತ, ಸಲ್ಲಿಸಬಹುದು.