ಉಲ್ಲೇಖಶಾಸ್ತ್ರದಲ್ಲಿ ಅಲ್ಪವಿರಾಮದ ಸ್ಥಾನಮಾನ: ಒಂದು ಕೂಲಂಕಷ ಅಧ್ಯಯನ

ಎಂಜಿನಿಯರಿಂಗ್ ಜರ್ನಲ್‌ಗೆ ಕಳುಹಿಸುವ ಯಾವುದೇ ಹಸ್ತಪ್ರತಿಯಲ್ಲಿ ಎರಡು ಭಾಗಗಳಿರುತ್ತವೆ: ಉಲ್ಲೇಖಪಟ್ಟಿ ಮತ್ತು ಉಳಿದದ್ದು. ಸೇತುವೆ ಏಕೆ ನಿಂತಿದೆ, ಮೋಟಾರು ಏಕೆ ತಿರುಗುತ್ತದೆ ಎಂಬಂಥ ಅವಾಂತರ ವಿಷಯಗಳೆಲ್ಲ ಉಳಿದದ್ದರಲ್ಲಿ ಬರುತ್ತವೆ. ಅವುಗಳ ಬಗ್ಗೆ ಗ್ರಂಥಗಳು ಬೇಕಾದಷ್ಟಿವೆ. ಪ್ರಸ್ತುತ ಪ್ರಬಂಧ ಪಟ್ಟಿಗೆ ಮಾತ್ರ ಮೀಸಲು.

ಮೊದಲು ಪೂರ್ವಪಕ್ಷ. ಉಲ್ಲೇಖ ಇರುವುದು ಓದುಗ ಮೂಲ ಲೇಖನವನ್ನು ಹುಡುಕಿಕೊಳ್ಳಲಿ ಎಂದು. ಹುಡುಕಿದರೆ ಸಿಗುವಂತಿದ್ದರೆ ಸಾಕು, ಹೇಗೆ ಬರೆದರೇನು ಎಂದು ಕೆಲವರು ವಾದಿಸುತ್ತಾರೆ. ಈ ಮತ ಬಾಲಿಶ. ಸಮೀಕರಣ ತಪ್ಪಿದ್ದರೆ ಅದನ್ನು ಕಂಡುಹಿಡಿಯಲು ರಿವ್ಯೂವರ್‌ಗಳಿಗೆ ತಿಂಗಳುಗಟ್ಟಲೆ ಬೇಕು, ಆಮೇಲೂ ಕಂಡೀತೆಂಬ ಭರವಸೆಯಿಲ್ಲ. ಸಂಪುಟಸಂಖ್ಯೆಯ ಪಕ್ಕದ ಅಲ್ಪವಿರಾಮ ತಪ್ಪಿದ್ದರೆ ಮಧ್ಯಾಹ್ನದ ಊಟದೊಳಗೆ ಹಸ್ತಪ್ರತಿ ವಾಪಸು ಬರುತ್ತದೆ. ಬೇಗ ಸಿಕ್ಕಿಬೀಳುವ ತಪ್ಪೇ ದೊಡ್ಡ ತಪ್ಪು ಎಂಬುದು ಸಿದ್ಧಾಂತ.

ಈ ಶಾಸ್ತ್ರದಲ್ಲಿ ದರ್ಶನಗಳು ಮುಖ್ಯವಾಗಿ ಎರಡು. ಒಂದು, ಆವರಣದಲ್ಲಿ ಲೇಖಕನ ಹೆಸರು ಮತ್ತು ಇಸವಿ ಹಾಕುವ ಹಾರ್ವರ್ಡ್ ಮತ. ಇದರ ಮೂಲಪುರುಷನೆಂದು ಪರಂಪರೆ ಗುರುತಿಸುವುದು ಹಾರ್ವರ್ಡ್‌ನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್‌ನನ್ನು. 1881ರಲ್ಲಿ ಆತ ಚಿಪ್ಪಿಲ್ಲದ ಬಸವನಹುಳುವಿನ ಮೊಟ್ಟೆ ಹೇಗೆ ಬೆಳೆಯುತ್ತದೆಂದು ಬರೆಯುವಾಗ ಈ ಕ್ರಮ ಹಿಡಿದ. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ತನ್ನ ಜರ್ನಲ್‌ಗಳಲ್ಲಿ ಇಂದಿಗೂ ಇದೇ ಮತಕ್ಕೆ ನಿಷ್ಠವಾಗಿದೆ. ಅಣೆಕಟ್ಟೆಯ ಕಾಂಕ್ರೀಟು ಬಸವನಹುಳುವಿನ ಜಾಡಿನಲ್ಲಿ ಸಾಗುತ್ತಿದೆ.

ಎರಡನೆಯದನ್ನು ಸಾಂಖ್ಯದರ್ಶನ ಎನ್ನಬಹುದು. ಕಪಿಲಮುನಿಗೆ ಇದರ ಹೊಣೆಯಿಲ್ಲ. ನಮ್ಮ ಕಾಲೇಜುಗಳಲ್ಲಿ ‘ಐ ಟ್ರಿಪಲ್ ಇ ಫಾರ್ಮ್ಯಾಟ್’ ಎಂದು ಭಯಭಕ್ತಿಯಿಂದ ಹೇಳುವುದು ಇದನ್ನೇ. ಚೌಕಾವರಣದೊಳಗೆ ಒಂದು ಸಂಖ್ಯೆ. ಪಠ್ಯದಲ್ಲಿ ಯಾರು ಮೊದಲು ಕಾಣಿಸಿಕೊಂಡರೋ ಅವರು 1, ಕೊನೆಯವರೆಗೂ 1. ನೋಡಲು ಸರಳ. ಆದರೆ ಎಲ್ಲ ಮುಗಿದ ರಾತ್ರಿ ಗೈಡ್ ಫೋನ್ ಮಾಡಿ, “ಮೊದಲನೇ ಪುಟದಲ್ಲಿ ನನ್ನ ಹಳೇ ಪೇಪರ್ ಒಂದು ಸೇರಿಸಿಬಿಡಪ್ಪ” ಎಂದರೆ ಅದರ ಕೆಳಗಿನ ನಲವತ್ತೂ ಮಂದಿ ಒಂದೊಂದು ಮೆಟ್ಟಿಲು ಇಳಿಯಬೇಕು, ಪಠ್ಯದೊಳಗೆ ಅವರು ಬಂದ ಕಡೆಯಲ್ಲೆಲ್ಲ ಇಳಿಯಬೇಕು. ಇದನ್ನು ಕೈಯಲ್ಲೇ ತಿದ್ದುವ ಸಂಪ್ರದಾಯಸ್ಥರು ಈಗಲೂ ಇದ್ದಾರೆ. ಅವರಲ್ಲಿ ಮದುವೆ ಮುಂದೂಡಿದವರೂ ಉಂಟು.

ಇನ್ನು ನಾಮಪ್ರಕರಣ. ಸ್ವಂತ ಹೆಸರು ಒಂದಕ್ಷರಕ್ಕೆ ಇಳಿಯಬೇಕು, ಮನೆತನದ ಹೆಸರು ಪೂರ್ತಿ ಉಳಿಯಬೇಕು ಎಂಬುದು ಸೂತ್ರ. ಸೂತ್ರಕಾರರು ಹಳೇ ಮೈಸೂರಿನ ಕಡೆಯವರಲ್ಲ ಎಂದು ಇದೊಂದರಿಂದಲೇ ತೀರ್ಮಾನಿಸಬಹುದು. ನಮ್ಮಲ್ಲಿ ಮೊದಲಕ್ಷರ ಊರಿಗೆ, ಎರಡನೆಯದು ಅಪ್ಪನಿಗೆ, ಆಮೇಲೆ ಜಾಗ ಉಳಿದರೆ ನಮಗೆ. ಎಂ. ವಿಶ್ವೇಶ್ವರಯ್ಯನವರ ‘ಎಂ’ ಎಂದರೆ ಮೋಕ್ಷಗುಂಡಂ, ಪೂರ್ವಿಕರ ಊರು. ಶಾಸ್ತ್ರದ ಪ್ರಕಾರ ಅದು ತಾಯಿ ಪ್ರೀತಿಯಿಂದ ಕರೆಯುತ್ತಿದ್ದ ಹೆಸರಾಗಬೇಕು. ಇಷ್ಟರಲ್ಲೇ ಮುಗಿದಿದ್ದರೆ ಸಹಿಸಬಹುದಿತ್ತು. ಅರ್ಜಿಯಲ್ಲಿ ‘ಸರ್‌ನೇಮ್’ ಎಂಬ ಖಾನೆಯ ಪಕ್ಕ ಕೆಂಪು ನಕ್ಷತ್ರ ಇರುತ್ತದೆ, ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ. ಪೇಪರ್ ಕಳುಹಿಸುತ್ತಿರುವ ಹುಡುಗಿ ಬೇರೆ ದಾರಿಯಿಲ್ಲದೆ ಅಪ್ಪನ ಹೆಸರು ತುಂಬುತ್ತಾಳೆ. ಅಲ್ಲಿಗೆ ಅವಳು ಒಂದಕ್ಷರವಾಗಿ ಕರಗಿ, ಮಂಡ್ಯದ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿರುವ ಅಪ್ಪ ಪವರ್ ಎಲೆಕ್ಟ್ರಾನಿಕ್ಸ್ ಪರಿಣತನೆಂದು ಐದು ಖಂಡಗಳಲ್ಲಿ ಉಲ್ಲೇಖಗೊಳ್ಳುತ್ತಾನೆ. ಪಿತೃಋಣ ತೀರಿಸಲು ಇಷ್ಟು ಕಡಿಮೆ ಖರ್ಚಿನ ವಿಧಿ ಧರ್ಮಶಾಸ್ತ್ರಗಳಲ್ಲೂ ಇಲ್ಲ.

ಲೇಖಕರು ಆರು ಮಂದಿಯವರೆಗೆ ಇದ್ದರೆ ಎಲ್ಲರ ಹೆಸರನ್ನೂ ಬರೆಯಬೇಕೆಂದು ಐ ಟ್ರಿಪಲ್ ಇ ಸಂಸ್ಥೆ ವಿಧಿಸುತ್ತದೆ. ಏಳನೆಯವರು ಕಾಲಿಟ್ಟ ಕೂಡಲೇ ಮೊದಲಿಗರೊಬ್ಬರು ಉಳಿದು ಮಿಕ್ಕವರೆಲ್ಲ ‘ಮತ್ತಿತರರು’ ಆಗುತ್ತಾರೆ. ಗೈಡ್, ವಿಭಾಗದ ಮುಖ್ಯಸ್ಥರು, ಪ್ರಿನ್ಸಿಪಾಲರು, ಯಂತ್ರದ ಕೀಲಿಕೈ ಇಟ್ಟುಕೊಂಡವರು ಎಂದು ಸೇರಿಸುತ್ತ ಹೋಗುವವರು ಆರಕ್ಕೆ ನಿಲ್ಲಿಸುವುದೇ ಜಾಣತನ. ಏಳಾದರೆ ಪ್ರಿನ್ಸಿಪಾಲರು ಸಿಟ್ಟಾಗುತ್ತಾರೆ.

ಜರ್ನಲ್‌ನ ಹೆಸರನ್ನು ಮೊಟಕುಗೊಳಿಸುವುದು ಮತ್ತೊಂದು ಸಂಸ್ಕಾರ. ಐಎಸ್ಒ 4 ಎಂಬ ಅಂತಾರಾಷ್ಟ್ರೀಯ ಮಾನಕ ಇದಕ್ಕೆಂದೇ ಇದೆ. ಯಾವ ಪದವನ್ನು ಎಲ್ಲಿ ಕತ್ತರಿಸಬೇಕೆಂಬ ಪಟ್ಟಿಯನ್ನು ಪ್ಯಾರಿಸ್ಸಿನ ಐಎಸ್ಎಸ್ಎನ್ ಅಂತಾರಾಷ್ಟ್ರೀಯ ಕೇಂದ್ರ ಕಾಪಾಡುತ್ತದೆ. ಒಂದೇ ಪದದ ಹೆಸರಿಗೆ ಮಾತ್ರ ಕತ್ತರಿಯಿಂದ ವಿನಾಯಿತಿ. ಹಾಗಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಹೊರತರುವ ಎಂಜಿನಿಯರಿಂಗ್ ಪತ್ರಿಕೆ ‘ಸಾಧನಾ’ ಪೂರ್ತಿ ಉಳಿದುಕೊಂಡಿದೆ. ಪುಟಸಂಖ್ಯೆಗಳ ನಡುವಿನ ಗೆರೆ ಹೈಫನ್‌ಗಿಂತ ಕೂದಲೆಳೆಯಷ್ಟು ಉದ್ದವಿರಬೇಕು. ಲೇಖನದ ಶೀರ್ಷಿಕೆಯಲ್ಲಿ ಮೊದಲ ಅಕ್ಷರ ಮಾತ್ರ ದೊಡ್ಡದು, ಪುಸ್ತಕದ ಶೀರ್ಷಿಕೆಯಲ್ಲಿ ಮುಖ್ಯ ಪದಗಳೆಲ್ಲ ದೊಡ್ಡಕ್ಷರದಿಂದ ಶುರು. ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವೇ ಇಲ್ಲದ ಲಿಪಿಯಲ್ಲಿ ಅಕ್ಷರಾಭ್ಯಾಸ ಮಾಡಿದ ನಮಗೆ ಇದು ಯಾವ ಜನ್ಮದ ಪಾಪ ಎಂಬುದು ಪ್ರತ್ಯೇಕ ಸಂಶೋಧನೆಯ ವಸ್ತು.

ಈ ಸಂಕಟ ನೋಡಲಾರದೆ 1985ರಲ್ಲಿ ಓರೆನ್ ಪಟಾಶ್ನಿಕ್ ಮತ್ತು ಲೆಸ್ಲಿ ಲ್ಯಾಂಪೋರ್ಟ್ ಬಿಬ್‌ಟೆಕ್ ಎಂಬ ತಂತ್ರಾಂಶ ಕೊಟ್ಟರು. ಅದು ಸಂಖ್ಯೆಗಳನ್ನು ತಾನೇ ಜೋಡಿಸುತ್ತದೆ. ಜೊತೆಗೆ, ಪುಷ್ಪಾವರಣ ಹಾಕಿ ರಕ್ಷಿಸದಿದ್ದರೆ, ಶೀರ್ಷಿಕೆಯಲ್ಲಿರುವ ಕಾಲ್ಮನ್, ಫೂರಿಯರ್ ಮೊದಲಾದ ಮಹನೀಯರನ್ನು ಸಣ್ಣಕ್ಷರಕ್ಕೂ ಇಳಿಸುತ್ತದೆ. ಆಮೇಲೆ ಬಂದ ಜೊಟೆರೊ, ಮೆಂಡೆಲೆ ಮುಂತಾದವು ಒಂದೇ ಕ್ಲಿಕ್ಕಿಗೆ ನೂರು ತಪ್ಪುಗಳನ್ನು ಒಂದೇ ಬಗೆಯಲ್ಲಿ ಮಾಡುತ್ತವೆ. ಈ ಶಾಸ್ತ್ರದಲ್ಲಿ ಏಕರೂಪತೆಯೇ ಶುದ್ಧಿಯಾದ್ದರಿಂದ ಇದನ್ನು ಪ್ರಗತಿ ಎನ್ನಲೇಬೇಕು.

ಇಷ್ಟು ಮಡಿ ಮಾಡಿದ ಮೇಲೆ ಉಲ್ಲೇಖಿಸಿದ್ದನ್ನು ಓದಿರುವುದು ಅಗತ್ಯವೇ? ಈ ಕುತರ್ಕವನ್ನು ಎತ್ತಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ಮಿಖಾಯಿಲ್ ಸಿಮ್ಕಿನ್ ಮತ್ತು ವ್ವಾನಿ ರಾಯ್‌ಚೌಧುರಿ. ಅದೂ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಕುಳಿತು. ಹೆಸರಾಂತ ಲೇಖನವೊಂದಕ್ಕೆ ಬಂದಿದ್ದ ಸುಮಾರು 4300 ಉಲ್ಲೇಖಗಳಲ್ಲಿ 196 ಅಚ್ಚಿನ ತಪ್ಪುಗಳಿದ್ದವು, ಆದರೆ ಬೇರೆ ಬೇರೆ ತಪ್ಪುಗಳು 45 ಮಾತ್ರ. ಪುಟಸಂಖ್ಯೆಯ ಒಂದೇ ತಪ್ಪು 78 ಕಡೆ ಬಂದಿತ್ತು. ಓಲೆಗರಿಯ ಪ್ರತಿಗಳಲ್ಲಿ ಒಂದೇ ಸ್ಖಾಲಿತ್ಯ ಕಂಡರೆ ಒಂದು ಇನ್ನೊಂದರ ನಕಲು ಎಂದು ಗ್ರಂಥಸಂಪಾದಕರು ಹೇಳುವಂತೆ, ಉಲ್ಲೇಖಿಸಿದವರಲ್ಲಿ ಮೂಲವನ್ನು ಓದಿದವರು ಐವರಲ್ಲಿ ಒಬ್ಬರಷ್ಟೇ ಎಂದು 2003ರಲ್ಲಿ ಅವರು ಅಂದಾಜಿಸಿದರು. ಆ 78 ಮಂದಿಯ ಅಲ್ಪವಿರಾಮಗಳು ಸರಿಯಿದ್ದವೇ ಎಂಬ ಮೂಲಭೂತ ಪ್ರಶ್ನೆಯನ್ನು ಅವರು ಕೇಳಲೇ ಇಲ್ಲ.

ಉಲ್ಲೇಖಶಾಸ್ತ್ರ ಪರಮಸಿದ್ಧಿ ಪಡೆದದ್ದು ವ್ಯಾನ್ ಡರ್ ಗೀರ್ ಪ್ರಕರಣದಲ್ಲಿ. ಉಲ್ಲೇಖ ಹೇಗಿರಬೇಕೆಂದು ತೋರಿಸಲು ಎಲ್ಸೆವಿಯರ್ ಪ್ರಕಾಶನ ತನ್ನ ಲೇಖಕರ ಕೈಪಿಡಿಯಲ್ಲಿ ಒಂದು ಮಾದರಿ ಕೊಟ್ಟಿತ್ತು: ವ್ಯಾನ್ ಡರ್ ಗೀರ್ ಮತ್ತಿಬ್ಬರು, 2000ನೇ ಇಸವಿ, ವೈಜ್ಞಾನಿಕ ಲೇಖನ ಬರೆಯುವ ಕಲೆ, ಸಂಪುಟ 163, ಪುಟ 51ರಿಂದ 59. ಅಂಥ ಲೇಖನವಿಲ್ಲ, ಮಾದರಿಯಲ್ಲಿ ಹೆಸರಿಸಿದ್ದ ಜರ್ನಲ್ಲೂ ಇಲ್ಲ. ಆದರೂ ಅದನ್ನು ಸುಮಾರು 400 ಪ್ರಬಂಧಗಳು ಉಲ್ಲೇಖಿಸಿವೆಯೆಂದು 2017ರಲ್ಲಿ ಆನ್-ವಿಲ್ ಹಾರ್ಜಿಂಗ್ ಬರೆದರು. ಹೆಚ್ಚಿನವು ಸಮ್ಮೇಳನದ ಪ್ರಬಂಧಗಳು. ಮಾದರಿಯ ಕಡತದಲ್ಲಿ ತಮ್ಮದನ್ನು ತುಂಬಿದವರು ಅದನ್ನು ಅಳಿಸಲು ಮರೆತಿದ್ದರು. ರಿವ್ಯೂವರ್‌ಗಳು ತಡೆಯಲಿಲ್ಲ, ಸಂಪಾದಕರು ತಡೆಯಲಿಲ್ಲ. ತಡೆಯಲು ಕಾರಣವೇ ಇರಲಿಲ್ಲ: ಇನಿಷಿಯಲ್, ಇಸವಿ, ಸಂಪುಟ, ಪುಟಗಳ ನಡುವಿನ ಗೆರೆ ಎಲ್ಲವೂ ಸರಿಯಾಗಿತ್ತು. ಬರೆಯದ ಲೇಖನಕ್ಕೆ ಇಷ್ಟು ಮನ್ನಣೆ ಸಿಕ್ಕಿರುವಾಗ, ಬರೆದು ಮನ್ನಣೆ ಸಿಗದವರು ತಮ್ಮ ಹಾದಿಯನ್ನು ಪರಾಮರ್ಶಿಸಿಕೊಳ್ಳುವುದು ಒಳ್ಳೆಯದು. ಈಗಂತೂ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಕೇಳಿದ ಕೂಡಲೇ ಇಲ್ಲದ ಲೇಖನಗಳಿಗೆ ಲಕ್ಷಣವಾದ ಉಲ್ಲೇಖಗಳನ್ನು ಹೊಸೆದುಕೊಡುತ್ತವೆ, ಡಿಒಐ ಸಂಖ್ಯೆ ಸಮೇತ.

ಓದುಗರು ತಮ್ಮ ಹಸ್ತಪ್ರತಿಯಲ್ಲಿ ವ್ಯಾನ್ ಡರ್ ಗೀರ್ ಕುಳಿತಿದ್ದಾನೆಯೇ ಎಂದು ಇವತ್ತೇ ನೋಡಿಕೊಳ್ಳಬೇಕಾಗಿ ವಿನಂತಿ. ಇದ್ದರೆ ಕಿತ್ತುಹಾಕಿ, ಅವನ ಕೆಳಗಿನವರನ್ನೆಲ್ಲ ಒಂದೊಂದು ಸಂಖ್ಯೆ ಮೇಲೇರಿಸುವುದನ್ನು ಮಾತ್ರ ಮರೆಯಬೇಡಿ.