ನಟ್ಟಿಗೂ ಒಂದು ಮಿತಿ

ಡ್ರೈವ್‌ಶಾಫ್ಟ್ ಬದಲಿಸಿದ ಮೇಲೆ ಹಬ್ ನಟ್ಟನ್ನು ‘ಕೈಲಾದಷ್ಟು’ ಬಿಗಿಯುವುದು ಎಷ್ಟೋ ಗ್ಯಾರೇಜುಗಳ ಅಲಿಖಿತ ಶಾಸ್ತ್ರ. ಆದರೆ ಯಾರ ಕೈಲಾದಷ್ಟು? ಒಂದು ಮೀಟರ್ ಪೈಪಿನ ತುದಿಗೆ 60 ಕಿಲೋ ತೂಕದವರು ಹತ್ತಿ ನಿಂತರೆ ನಟ್ಟಿಗೆ ಸುಮಾರು 590 ನ್ಯೂಟನ್ ಮೀಟರ್ ಟಾರ್ಕ್. ಎಷ್ಟೋ ಸಣ್ಣ ಕಾರುಗಳು ಕೇಳುವುದು ಅದರ ಅರ್ಧಕ್ಕಿಂತ ಕಡಿಮೆ. ಮದುವೆ ಊಟ ಮುಗಿಸಿ ಬಂದವರು ಹತ್ತಿದರಂತೂ ಲೆಕ್ಕ ಇನ್ನೂ ಏರುತ್ತದೆ. ಬಿಗಿ ಹೆಚ್ಚಾದರೆ ಥ್ರೆಡ್ಡಿಗೆ ಕುತ್ತು, ಕಡಿಮೆಯಾದರೆ ಬೇರಿಂಗಿನ ಒಳಬಳೆಗಳ ಹಿಡಿತ ತಪ್ಪಿ ಚಕ್ರ ಗೊಣಗತೊಡಗುತ್ತದೆ.

‘ಇಂಪ್ಯಾಕ್ಟ್ ಗನ್ ಇದೆಯಲ್ಲ?’ ಎನ್ನಬಹುದು. ಅದಕ್ಕೆ ಆವೇಶ ಗೊತ್ತು, ಅಳತೆ ಗೊತ್ತಿಲ್ಲ. ‘ಟಾರ್ಕ್ ರೆಂಚ್ ದುಬಾರಿ’ ಎಂದರೆ, ಬೇರಿಂಗೇನು ಪುಕ್ಕಟೆಯೇ? ಹೊಸ ನಟ್ಟು, ಕೈಪಿಡಿಯ ಅಂಕಿ, ಬ್ರೇಕ್ ತುಳಿಯಲೊಬ್ಬರು: ಇಷ್ಟಿದ್ದರೆ ಪೈಲ್ವಾನರಿಗೆ ರಜೆ ಕೊಡಬಹುದು.